‘ಇದು ಕಥೆ, ಆಶಯ ಎಲ್ಲಿ?’ ಮ್ಯಾಕ್‌ಬೆತ್ ಬಗ್ಗೆ ಒಂದು ಪ್ಯಾರಾ ಬರೆಯಲು ಸಹಾಯ ಬೇಕು

ದಾವಣಗೆರೆ ಹುಡುಗಿ
ಭಾನುವಾರ, ಸಂಜೆ 5:20

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಕನ್ನಡ ಎಂ.ಎ. ಓದುತ್ತಿದ್ದೇನೆ. ತೌಲನಿಕ ಸಾಹಿತ್ಯಕ್ಕೆ ಶೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್ ನಾಟಕವನ್ನು ಕನ್ನಡದಲ್ಲಿ ಓದಿದೆವು. ‘ನಾಟಕದ ಯಾವುದಾದರೂ ಒಂದು ಆಶಯವನ್ನು ಒಂದೇ ಪ್ಯಾರಾದಲ್ಲಿ ವಿಶ್ಲೇಷಿಸಿ, 150 ಪದ ಮೀರಬಾರದು’ ಅಂತ ಕೊಟ್ಟಿದ್ದಾರೆ. ನಾನು ಬರೆದುಕೊಟ್ಟೆ. ವಾಪಸ್ ಬಂತು. ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ ಒಂದೇ ಸಾಲು: ‘ಇದು ಕಥೆ. ಆಶಯ ಎಲ್ಲಿ?’

ಹೋಗಿ ಕೇಳಿದೆ. ‘ಇನ್ನೊಂದು ಸಲ ಓದಮ್ಮ, ಗೊತ್ತಾಗುತ್ತೆ’ ಅಂದರು. ಇನ್ನೂ ಎರಡು ಸಲ ಓದಿದೆ. ನಾಟಕ ಇಷ್ಟವಾಯಿತು, ಆದರೆ ತಪ್ಪು ಎಲ್ಲಿದೆ ಅಂತ ಗೊತ್ತಾಗಲಿಲ್ಲ. ನಾನು ಬರೆದದ್ದು ಇದು:

‘ಜಗತ್ಪ್ರಸಿದ್ಧ ನಾಟಕಕಾರ ಶೇಕ್ಸ್‌ಪಿಯರ್ ರಚಿಸಿದ ಮ್ಯಾಕ್‌ಬೆತ್ ಒಂದು ಶ್ರೇಷ್ಠ ದುರಂತ ನಾಟಕ. ಇದರ ಆಶಯ ಅತಿಯಾಸೆ. ಮ್ಯಾಕ್‌ಬೆತ್ ಒಬ್ಬ ಶೂರ ದಳಪತಿ. ಅವನು ರಾಜನಾಗುತ್ತಾನೆ ಎಂದು ಮೂವರು ಮಾಟಗಾತಿಯರು ಹೇಳುತ್ತಾರೆ. ಹೆಂಡತಿ ಅವನನ್ನು ಹುರಿದುಂಬಿಸುತ್ತಾಳೆ. ಅವನು ಡಂಕನ್ ರಾಜನನ್ನು ಕೊಲ್ಲುತ್ತಾನೆ. ನಂತರ ಗೆಳೆಯ ಬ್ಯಾಂಕ್ವೋನನ್ನೂ ಕೊಲ್ಲಿಸುತ್ತಾನೆ. ಕೊನೆಗೆ ಹೆಂಡತಿ ಸಾಯುತ್ತಾಳೆ, ಮ್ಯಾಕ್‌ಡಫ್ ಅವನನ್ನು ಕೊಲ್ಲುತ್ತಾನೆ. ಆಸೆಯೇ ದುಃಖಕ್ಕೆ ಮೂಲ ಎಂಬುದನ್ನು ಈ ನಾಟಕ ಸಾರುತ್ತದೆ.’

ಗುರುವಾರ ಮತ್ತೆ ಕೊಡಬೇಕು. ದಯವಿಟ್ಟು ಯಾರಾದರೂ ಬಿಡಿಸಿ ಹೇಳಿ.

ಹರಿಹರದ ಓದುಗ
ಭಾನುವಾರ, ಸಂಜೆ 5:48

ಅಕ್ಕಾ, ನಾನು ಬಿ.ಎ. ಎರಡನೇ ವರ್ಷ. ನನಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ‘ಆಶಯ ಅತಿಯಾಸೆ’ ಅಂತ ಎರಡನೇ ಸಾಲಿನಲ್ಲೇ ಬರೆದಿದ್ದೀರಲ್ಲ. ನಾವೂ ಪರೀಕ್ಷೆಯಲ್ಲಿ ಹೀಗೇ ಬರೆಯುತ್ತೇವೆ. ಉತ್ತರ ಬಂದರೆ ನನಗೂ ಉಪಯೋಗ.

ಹೊಳಲ್ಕೆರೆ ಮೇಷ್ಟ್ರು
ಭಾನುವಾರ, ರಾತ್ರಿ 8:05

ತಂಗೀ, ನಿನ್ನ ಭಾಷೆ ಚೆನ್ನಾಗಿದೆ. ಕಥೆಯನ್ನು ಕೆಲವೇ ಸಾಲಿನಲ್ಲಿ ತಪ್ಪಿಲ್ಲದೆ ಹೇಳಿದ್ದೀಯ, ಅದೂ ಸುಲಭವಲ್ಲ. ಆದರೆ ನಿನ್ನ ಮೇಷ್ಟ್ರು ಕೇಳಿದ್ದು ಸರಿಯಾದ ಪ್ರಶ್ನೆ. ಅವರು ಇನ್ನು ನಾಲ್ಕು ಮಾತು ಜಾಸ್ತಿ ಬರೆದಿದ್ದರೆ ನಿನ್ನ ವಾರ ಉಳಿಯುತ್ತಿತ್ತು.

ನಾನು ಮೂವತ್ತು ವರ್ಷ ಕನ್ನಡ ಪಾಠ ಮಾಡಿದ್ದೇನೆ. ಹೆಚ್ಚಿನ ಮಕ್ಕಳು ಎಡವುವ ಜಾಗ ಒಂದೇ. ವಸ್ತು ಬೇರೆ, ಆಶಯ ಬೇರೆ. ‘ಅತಿಯಾಸೆ’ ಅನ್ನುವುದು ವಸ್ತು. ಅತಿಯಾಸೆಯ ಬಗ್ಗೆ ಈ ನಾಟಕ ಏನು ಹೇಳುತ್ತದೆ ಅನ್ನುವುದು ಆಶಯ. ವಸ್ತುವಿಗೆ ಒಂದು ಪದ ಸಾಕು. ಆಶಯಕ್ಕೆ ಪೂರ್ತಿ ವಾಕ್ಯ ಬೇಕು, ಆ ವಾಕ್ಯಕ್ಕೆ ಕ್ರಿಯಾಪದ ಬೇಕು. ‘ಇದರ ಆಶಯ ಅತಿಯಾಸೆ’ ಅಂದರೆ, ‘ಈ ಅಡುಗೆಯ ರುಚಿ ಬದನೆಕಾಯಿ’ ಅಂದ ಹಾಗೆ. ಬದನೆಕಾಯಿ ಏನಾಯಿತು? ಹುಳಿಯಾಯಿತಾ, ಎಣ್ಣೆಗಾಯಿ ಆಯಿತಾ? ಅದನ್ನು ಹೇಳಬೇಕು.

ಮೊದಲ ಸಾಲು ಹೊಡೆದುಹಾಕು. ಶೇಕ್ಸ್‌ಪಿಯರ್ ಜಗತ್ಪ್ರಸಿದ್ಧ ಅಂತ ನಿನ್ನ ಮೇಷ್ಟ್ರಿಗೆ ಗೊತ್ತು. 150 ಪದದಲ್ಲಿ ಒಂಬತ್ತು ಪದ ಅಲ್ಲೇ ಹೋಯಿತು.

ದಾವಣಗೆರೆ ಹುಡುಗಿ
ಭಾನುವಾರ, ರಾತ್ರಿ 8:31

ಸರ್, ತುಂಬಾ ಧನ್ಯವಾದ. ಹಾಗಾದರೆ ‘ಅತಿಯಾಸೆ ಮನುಷ್ಯನನ್ನು ನಾಶ ಮಾಡುತ್ತದೆ’ ಅಂತ ಬರೆದರೆ ಆಯಿತಾ? ಇದು ವಾಕ್ಯ, ಕ್ರಿಯಾಪದವೂ ಇದೆ.

ಹೊಳಲ್ಕೆರೆ ಮೇಷ್ಟ್ರು
ಭಾನುವಾರ, ರಾತ್ರಿ 8:50

ಒಂದು ಹೆಜ್ಜೆ ಮುಂದೆ ಬಂದೆ. ಈಗ ಒಂದು ಪರೀಕ್ಷೆ ಮಾಡು. ಈ ವಾಕ್ಯವನ್ನು ತೆಗೆದು ರನ್ನನ ಗದಾಯುದ್ಧದ ಕೆಳಗೆ ಹಾಕು. ದುರ್ಯೋಧನನಿಗೂ ಹೊಂದುತ್ತೆ, ಅಲ್ವಾ? ರಾವಣನ ಕಥೆಯ ಕೆಳಗೆ ಹಾಕು, ಅಲ್ಲಿಗೂ ಹೊಂದುತ್ತೆ. ಹಾಗೆ ಎಲ್ಲ ಕಡೆ ಹೊಂದುವ ಮಾತು ಗಾದೆ. ಗಾದೆ ಸುಳ್ಳಲ್ಲ, ಆದರೆ ಅದನ್ನು ಬರೆಯಲು ಈ ನಾಟಕ ಓದಬೇಕಾಗಿಯೇ ಇರಲಿಲ್ಲ. ಈ ನಾಟಕವನ್ನು ಓದಿದವರು ಮಾತ್ರ ಬರೆಯಬಹುದಾದ ವಾಕ್ಯ ಸಿಗುವ ತನಕ ಹುಡುಕು.

ಹುಡುಕುವುದು ಹೇಗೆ ಅಂತ ಕೇಳುತ್ತೀಯ. ದೊಡ್ಡ ಪದದಿಂದ ಶುರು ಮಾಡಬೇಡ. ಚಿಕ್ಕ ವಸ್ತು ಒಂದನ್ನು ಹಿಡಿ. ನಾಟಕದಲ್ಲಿ ಮತ್ತೆ ಮತ್ತೆ ಬರುವುದು ಏನು? ರಕ್ತ, ನಿದ್ದೆ, ಕತ್ತಲೆ, ಕೈ, ನೀರು, ಬಾಗಿಲು ಬಡಿಯುವ ಸದ್ದು. ಇವುಗಳಲ್ಲಿ ಒಂದನ್ನು ಹಿಡಿದು ಮೊದಲ ಅಂಕದಿಂದ ಐದನೇ ಅಂಕದ ತನಕ ಅದರ ಹಿಂದೆ ನಡೆ. ಅದು ಎಲ್ಲಿ ಬದಲಾಗುತ್ತದೋ ಅಲ್ಲಿ ನಿಲ್ಲು. ಆಶಯ ಅಲ್ಲೇ ಸಿಗುತ್ತದೆ.

ಕೋಟೆ ಬಾಗಿಲು
ಭಾನುವಾರ, ರಾತ್ರಿ 9:40

ಚಿತ್ರದುರ್ಗದಿಂದ ಬರೆಯುತ್ತಿದ್ದೇನೆ. ಮೇಷ್ಟ್ರ ಮಾತು ಒಪ್ಪುತ್ತೇನೆ, ಆದರೆ ಇನ್ನೊಂದು ದಾರಿಯೂ ಇದೆ. ನಾಟಕಕಾರ ಮೂಲ ಕಥೆಯಲ್ಲಿ ಏನು ಬದಲಾಯಿಸಿದ ಅಂತ ನೋಡುವುದು.

ಮ್ಯಾಕ್‌ಬೆತ್ ನಿಜವಾಗಿ ಇದ್ದ ರಾಜ. ಸ್ಕಾಟ್ಲೆಂಡನ್ನು 1040ರಿಂದ 1057ರ ತನಕ ಆಳಿದ. ಡಂಕನ್ ಸತ್ತದ್ದು ಯುದ್ಧದಲ್ಲಿ, ಯಾರ ಮನೆಯ ಹಾಸಿಗೆಯಲ್ಲೂ ಅಲ್ಲ. ಶೇಕ್ಸ್‌ಪಿಯರ್ ಕಥೆ ತೆಗೆದುಕೊಂಡದ್ದು ಹೋಲಿನ್‌ಶೆಡ್‌ನ ಚರಿತ್ರೆಯ ಪುಸ್ತಕದಿಂದ. ಅದರಲ್ಲಿ ಡಂಕನ್ ವಯಸ್ಸಿನಲ್ಲಿ ಚಿಕ್ಕವನು, ಆಳ್ವಿಕೆಯಲ್ಲಿ ಮೆತ್ತಗಿನವನು. ಬ್ಯಾಂಕ್ವೋ ಕೂಡ ಕೊಲೆಯಲ್ಲಿ ಪಾಲುದಾರ. ಮಲಗುವ ಕೋಣೆ, ಅಮಲೇರಿದ ಕಾವಲುಗಾರರು, ಇವೆಲ್ಲ ಅದೇ ಪುಸ್ತಕದ ಬೇರೊಬ್ಬ ರಾಜನ ಕೊಲೆಯಿಂದ ಬಂದದ್ದು. ಡಫ್ ಅನ್ನುವ ರಾಜನನ್ನು ಡಾನ್‌ವಾಲ್ಡ್ ಅನ್ನುವವನು ಹಾಗೆ ಕೊಲ್ಲಿಸಿದ. 1606ರ ಸುಮಾರಿಗೆ ನಾಟಕ ಬರೆಯುವಾಗ ಶೇಕ್ಸ್‌ಪಿಯರ್ ಎರಡನ್ನೂ ಸೇರಿಸಿದ. ಡಂಕನ್‌ನನ್ನು ಮುದುಕನನ್ನಾಗಿ, ಒಳ್ಳೆಯವನನ್ನಾಗಿ ಮಾಡಿದ. ಬ್ಯಾಂಕ್ವೋನ ಕೈ ತೊಳೆದುಬಿಟ್ಟ. ಅಂದರೆ ಮ್ಯಾಕ್‌ಬೆತ್‌ಗೆ ಇದ್ದ ನೆಪಗಳನ್ನೆಲ್ಲ ಒಂದೊಂದಾಗಿ ಕಿತ್ತುಕೊಂಡ. ಯಾಕೆ? ಇದನ್ನು ಯೋಚಿಸಿದರೆ ಆಶಯ ತಾನಾಗಿ ಬರುತ್ತದೆ.

ಇನ್ನೊಂದು ಮಾತು. ದುರ್ಗದವರಿಗೆ ಈ ಕಥೆ ದೂರದ್ದಲ್ಲ. ದುರ್ಗದ ಪಾಳೆಯಗಾರರ ಸೇನಾಪತಿ ದಳವಾಯಿ ಮುದ್ದಣ್ಣನ ಕಾಲದ ಕಥೆ ಕೇಳಿ ಬೆಳೆದವರು ನಾವು. ಅರಮನೆಯೊಳಗೇ ಕತ್ತಿ ಎತ್ತುವುದು ಏನು ಅಂತ ಗೊತ್ತು. ಎಚ್.ಎಸ್. ಶಿವಪ್ರಕಾಶ್ ಅವರು ಮ್ಯಾಕ್‌ಬೆತ್‌ನನ್ನೇ ಮಾರನಾಯಕನನ್ನಾಗಿ ಮಾಡಿ ‘ಮಾರನಾಯಕನ ದೃಷ್ಟಾಂತ’ ಬರೆದರು. ಹುಲುಗಪ್ಪ ಕಟ್ಟೀಮನಿ ಅವರು ಅದನ್ನು ಜೈಲಿನಲ್ಲಿದ್ದವರಿಂದ ಆಡಿಸಿದರು. ಕೊಲೆಯ ಶಿಕ್ಷೆ ಅನುಭವಿಸುತ್ತಿದ್ದವರ ಬಾಯಲ್ಲಿ ಆ ಮಾತು ಬರುವುದನ್ನು ಊಹಿಸಿಕೊಂಡರೆ ನನಗೆ ಈಗಲೂ ಮೈ ನಡುಗುತ್ತದೆ.

ಜಗಳೂರಿನಿಂದ
ಭಾನುವಾರ, ರಾತ್ರಿ 10:15

ನನ್ನ ಅಭಿಪ್ರಾಯ ಬೇರೆ. ಇದು ಹಣೆಬರಹದ ನಾಟಕ. ಮಾಟಗಾತಿಯರು ಹೇಳಿದ್ದೆಲ್ಲ ಅಕ್ಷರಕ್ಕೆ ಅಕ್ಷರ ಆಗುತ್ತದೆ. ಕಾಡು ನಡೆದು ಬರುತ್ತದೆ, ಸಹಜವಾಗಿ ಹುಟ್ಟದವನ ಕೈಯಲ್ಲೇ ಸಾಯುತ್ತಾನೆ. ತಪ್ಪಿಸಿಕೊಳ್ಳಲು ಆಗದಿದ್ದರೆ ಅವನ ತಪ್ಪೇನು? ‘ವಿಧಿಯ ಮುಂದೆ ಮನುಷ್ಯ ಅಸಹಾಯಕ’ ಅನ್ನುವುದೇ ಆಶಯ. ಹಾಗೆ ಬರೆಯಿರಿ, ನಡೆಯುತ್ತದೆ.

ಕೋಟೆ ಬಾಗಿಲು
ಭಾನುವಾರ, ರಾತ್ರಿ 10:32

ಅಣ್ಣಾ, ಮೊದಲ ಅಂಕ ಇನ್ನೊಮ್ಮೆ ನೋಡಿ. ಮಾಟಗಾತಿಯರು ‘ನೀನು ಮುಂದೆ ರಾಜನಾಗುವೆ’ ಅನ್ನುತ್ತಾರೆ. ‘ಕೊಲ್ಲು’ ಅಂತ ಎಲ್ಲೂ ಹೇಳುವುದಿಲ್ಲ. ಕೊಲೆಯ ಯೋಚನೆ ಬಂದದ್ದು ಮ್ಯಾಕ್‌ಬೆತ್‌ನ ತಲೆಗೆ, ಅದೂ ಆ ಗಳಿಗೆಯಲ್ಲೇ. ಆ ಚಿತ್ರ ಕಂಡು ತನ್ನ ಕೂದಲು ನಿಮಿರಿತು ಅಂತ ಅವನೇ ಹೇಳುತ್ತಾನೆ. ಸ್ವಲ್ಪ ಹೊತ್ತಿಗೆ, ಅದೃಷ್ಟವಿದ್ದರೆ ನಾನು ಕೈ ಆಡಿಸದೆಯೂ ಕಿರೀಟ ಬಂದೀತು ಅಂತಲೂ ಅನ್ನುತ್ತಾನೆ. ಅಂದರೆ ಸುಮ್ನೆ ಕೂರುವ ದಾರಿ ಅವನಿಗೆ ಕಂಡಿತ್ತು. ಕಂಡೂ ಬಿಟ್ಟ. ವಿಧಿ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಕಠಾರಿ ಹಿಡಿದ ಕೈ ವಿಧಿಯದ್ದಲ್ಲ.

ಜಗಳೂರಿನಿಂದ
ಭಾನುವಾರ, ರಾತ್ರಿ 10:50

ಕೈ ಆಡಿಸದೆ ಕಿರೀಟ ಬಂದೀತು ಅನ್ನುವ ಮಾತು ನನಗೆ ಮರೆತೇ ಹೋಗಿತ್ತು. ಅದು ದೊಡ್ಡ ಮಾತು. ಯೋಚಿಸುತ್ತೇನೆ.

ರಂಗದ ಅಕ್ಕ
ಸೋಮವಾರ, ಬೆಳಗ್ಗೆ 6:55

ಹೊಸದುರ್ಗದ ಕಡೆಯವಳು ನಾನು. ಸಾಣೇಹಳ್ಳಿಯ ಬಯಲು ರಂಗಮಂದಿರದಲ್ಲಿ ನಾಟಕ ನೋಡುತ್ತಾ ಬೆಳೆದವಳು. 1997ರಲ್ಲಿ ಶಿವಸಂಚಾರ ತಿರುಗಾಟ ಶುರುವಾದಾಗಿನಿಂದ ಬಿಟ್ಟ ನಾಟಕ ಕಡಿಮೆ. ಕಾಲೇಜಿನಲ್ಲಿದ್ದಾಗ ನಾವು ಮ್ಯಾಕ್‌ಬೆತ್‌ನ ಕೆಲವು ದೃಶ್ಯ ಆಡಿದ್ದೆವು. ನಾನು ಲೇಡಿ ಮ್ಯಾಕ್‌ಬೆತ್ ಆಗಿದ್ದೆ. ತಂಗೀ, ನಿನಗೆ ಆ ಅನುಭವ ಹೇಳುತ್ತೇನೆ, ಮೇಷ್ಟ್ರು ಹೇಳಿದ ‘ಚಿಕ್ಕ ವಸ್ತು’ ಏನು ಅಂತ ಗೊತ್ತಾಗುತ್ತೆ.

ಐದನೇ ಅಂಕದ ಮೊದಲ ದೃಶ್ಯ. ಅವಳು ನಿದ್ದೆಯಲ್ಲಿ ನಡೆದು ಬಂದು ಕೈ ತೊಳೆಯುತ್ತಾಳೆ. ತಾಲೀಮಿನಲ್ಲಿ ಮೊದಲ ದಿನ ನನ್ನ ಮುಂದೆ ಹಿತ್ತಾಳೆ ಬೋಗುಣಿ, ಚೊಂಬಿನಲ್ಲಿ ನೀರು ಇಟ್ಟಿದ್ದರು. ನಾನು ಚೆನ್ನಾಗಿಯೇ ತೊಳೆದೆ. ನಿರ್ದೇಶಕರು ಸ್ವಲ್ಪ ಹೊತ್ತು ನೋಡಿ ಬೋಗುಣಿ ತೆಗೆಸಿದರು. ‘ನೀರಿಲ್ಲದೆ ತೊಳಿ’ ಅಂದರು. ಒಣಗೈ ತಿಕ್ಕಿದೆ. ಬೆರಳ ಸಂದು, ಉಗುರಿನ ಬುಡ, ಮಣಿಕಟ್ಟು. ಒಣ ಚರ್ಮದ ಸದ್ದು ಕೊನೆಯ ಸಾಲಿನವರೆಗೆ ಕೇಳುತ್ತಿತ್ತಂತೆ. ಪ್ರದರ್ಶನದ ರಾತ್ರಿ ಅಂಗೈ ಕೆಂಪಾಗಿ ಉರಿಯುತ್ತಿತ್ತು.

ಆಮೇಲೆ ಮೂಲ ನೋಡಿದೆ. ಅಲ್ಲಿರುವುದೂ ಅದೇ. ದಾಸಿ ವೈದ್ಯನಿಗೆ ಹೇಳುತ್ತಾಳೆ, ಕೈ ತೊಳೆಯುವ ಹಾಗೆ ಮಾಡುವುದು ಇವರಿಗೆ ರೂಢಿ, ಒಮ್ಮೊಮ್ಮೆ ಕಾಲು ಗಂಟೆ ಹೀಗೇ ಮಾಡುತ್ತಾರೆ ಅಂತ. ‘ತೊಳೆಯುವ ಹಾಗೆ’. ನೀರಿಲ್ಲ. ಇನ್ನೊಂದು ಗಮನಿಸು. ಅವಳ ಪಕ್ಕ ಯಾವಾಗಲೂ ದೀಪ ಉರಿಯುತ್ತಿರಬೇಕು, ಅದು ಅವಳದೇ ಅಪ್ಪಣೆ. ಮೊದಲ ಅಂಕದಲ್ಲಿ ‘ಕಗ್ಗತ್ತಲೆಯೇ ಬಾ’ ಅಂತ ಕರೆದವಳು ಇವಳೇ.

ಈಗ ಹಿಂದಕ್ಕೆ ಹೋಗು, ಎರಡನೇ ಅಂಕ, ಎರಡನೇ ದೃಶ್ಯ. ಆಗ ಅವಳು ನೀರಿನ ಬಗ್ಗೆ ಏನು ಹೇಳಿದ್ದಳು? ಹುಡುಕಿ ಇಲ್ಲಿ ಬರೆ. ನಾನು ಹೇಳಿಕೊಡುವುದಿಲ್ಲ. ನೀನೇ ಕಂಡುಕೊಂಡರೆ ಆ ಪ್ಯಾರಾ ನಿನ್ನದಾಗುತ್ತೆ.

ದಾವಣಗೆರೆ ಹುಡುಗಿ
ಸೋಮವಾರ, ಮಧ್ಯಾಹ್ನ 2:10

ಅಕ್ಕಾ!! ಸಿಕ್ಕಿತು. ‘ಸ್ವಲ್ಪ ನೀರು ಸಾಕು, ಈ ಕೆಲಸ ತೊಳೆದುಹೋಗುತ್ತದೆ’ ಅನ್ನುತ್ತಾಳೆ. ಅದೇ ದೃಶ್ಯದಲ್ಲಿ ಅವನು ಸಮುದ್ರದ ಮಾತು ಆಡುತ್ತಾನೆ. ಇದನ್ನು ಮೂರು ಸಲ ಓದಿದ್ದೆ, ಆದರೆ ಐದನೇ ಅಂಕದ ಜೊತೆ ಸೇರಿಸಿ ನೋಡಿರಲಿಲ್ಲ. ಕ್ಲಾಸ್ ಮುಗಿದ ಮೇಲೆ ಲೈಬ್ರರಿಯಲ್ಲೇ ಕೂತು ಬರೆದೆ:

‘ಪಾಪಪ್ರಜ್ಞೆಯಿಂದ ಯಾರೂ ತಪ್ಪಿಸಿಕೊಳ್ಳಲಾರರು ಎಂಬುದು ಮ್ಯಾಕ್‌ಬೆತ್ ನಾಟಕದ ಆಶಯ. ಡಂಕನ್‌ನ ಕೊಲೆಯ ನಂತರ ಲೇಡಿ ಮ್ಯಾಕ್‌ಬೆತ್ ‘ಸ್ವಲ್ಪ ನೀರು ಸಾಕು’ ಎನ್ನುತ್ತಾಳೆ. ಅದಕ್ಕೆ ಉತ್ತರವಾಗಿ ಮ್ಯಾಕ್‌ಬೆತ್ ಸಮುದ್ರವೆಲ್ಲ ಸೇರಿದರೂ ತನ್ನ ಕೈ ತೊಳೆಯಲಾರದು ಎನ್ನುತ್ತಾನೆ. ಐದನೇ ಅಂಕದಲ್ಲಿ ಅವಳು ನಿದ್ದೆಯಲ್ಲಿ ಕೈ ತೊಳೆಯುತ್ತಾಳೆ. ಅರೇಬಿಯಾದ ಸುಗಂಧಗಳೆಲ್ಲ ಸೇರಿದರೂ ಈ ಪುಟ್ಟ ಕೈ ಘಮಘಮಿಸದು ಎನ್ನುತ್ತಾಳೆ. ಇದರಿಂದ ಪಾಪಪ್ರಜ್ಞೆಯು ಮನುಷ್ಯನನ್ನು ಹೇಗೆ ಕಾಡುತ್ತದೆ ಎಂದು ತಿಳಿಯುತ್ತದೆ.’

ಹೊಳಲ್ಕೆರೆ ಮೇಷ್ಟ್ರು
ಸೋಮವಾರ, ಸಂಜೆ 7:30

ಎಷ್ಟು ಖುಷಿಯಾಯಿತು ಗೊತ್ತಾ ತಂಗೀ. ಕಥೆ ಹೋಗಿ ವಿಶ್ಲೇಷಣೆ ಬಂದಿದೆ. ಈಗ ಮೂರು ಕಡೆ ಕೈ ಹಾಕಬೇಕು.

ಒಂದು ತಪ್ಪು ಇದೆ, ಅದನ್ನು ಮೊದಲು ಸರಿ ಮಾಡು. ಅವನ ಸಮುದ್ರದ ಮಾತು ಅವಳಿಗೆ ‘ಉತ್ತರ’ ಅಲ್ಲ. ಅವನು ಅದನ್ನು ಹೇಳುವಾಗ ಅವಳು ಅಲ್ಲಿ ಇರುವುದೇ ಇಲ್ಲ. ಕಠಾರಿಗಳನ್ನು ಕಾವಲುಗಾರರ ಪಕ್ಕ ಇಡಲು ಒಳಗೆ ಹೋಗಿದ್ದಾಳೆ. ಅವನು ಒಬ್ಬನೇ ನಿಂತಿದ್ದಾನೆ, ಬಾಗಿಲು ಬಡಿಯುತ್ತಿದೆ, ಆಗ ಸಮುದ್ರದ ಮಾತು ಬರುತ್ತದೆ. ಆಮೇಲೆ ಅವಳು ಕೈಯೆಲ್ಲ ರಕ್ತವಾಗಿ ಬಂದು ‘ಸ್ವಲ್ಪ ನೀರು’ ಅನ್ನುತ್ತಾಳೆ. ಅವನ ಮಾತನ್ನು ಅವಳು ಕೇಳಿಲ್ಲ. ಇದು ಚಿಕ್ಕ ವಿಷಯ ಅಂದುಕೊಳ್ಳಬೇಡ. ಕೇಳಿದ್ದರೆ ಅದು ಗಂಡ ಹೆಂಡತಿಯ ವಾದ ಆಗುತ್ತಿತ್ತು. ಕೇಳಿಲ್ಲದ್ದರಿಂದ, ಐದನೇ ಅಂಕದಲ್ಲಿ ಅದೇ ಅಳತೆಯ ಮಾತು ಅವಳ ಬಾಯಿಂದ ಬಂದಾಗ ನಮಗೆ ಚುಳ್ ಅನ್ನುತ್ತದೆ. ಯಾರೂ ಅವಳಿಗೆ ಹೇಳಿಕೊಡಲಿಲ್ಲ. ತಾನಾಗಿಯೇ ಅಲ್ಲಿಗೆ ಬಂದಳು.

ಇನ್ನೊಂದು, ಸಾಲನ್ನು ಎತ್ತಿ ಬರೆದ ಮೇಲೆ ಹಾಗೇ ಮುಂದೆ ಓಡಿದ್ದೀಯ. ನಿಲ್ಲು. ಒಂದು ಪದವನ್ನು ಹಿಡಿದು ಅಲ್ಲಾಡಿಸು. ನಿನಗೆ ರನ್ನ ಗೊತ್ತು. ವೈಶಂಪಾಯನ ಸರೋವರದಲ್ಲಿ ದುರ್ಯೋಧನ ಅಡಗಿದ್ದಾನೆ, ದಡದಲ್ಲಿ ಭೀಮ ಗರ್ಜಿಸುತ್ತಾನೆ. ‘ನೀರೊಳಗಿರ್ದುಂ ಬೆಮರ್ತನುರಗಪತಾಕಂ’. ಉರಗಪತಾಕ ಅಂದರೆ ಹಾವಿನ ಬಾವುಟದವನು, ದುರ್ಯೋಧನ. ‘ನೀರೊಳಗಿರ್ದು ಬೆಮರ್ತಂ’ ಅಂದಿದ್ದರೆ ಬರೀ ಸುದ್ದಿ. ಆ ‘ಉಂ’ ನೋಡು. ನೀರೊಳಗೆ ಇದ್ದರೂ ಬೆವತ. ನೀರಿನ ಕೆಲಸ ತಣ್ಣಗೆ ಮಾಡುವುದು. ಆ ಕೆಲಸ ಇಲ್ಲಿ ನಡೆಯಲಿಲ್ಲ. ಹೆದರಿ ಬೆವತನಾ, ಸಿಟ್ಟಿನಿಂದ ಬೆವತನಾ ಅಂತ ಕ್ಲಾಸಿನಲ್ಲಿ ಯಾವಾಗಲೂ ಜಗಳ. ಅದೇ ಪದ್ಯದಲ್ಲಿ ‘ಕೋಪಾರುಣನೇತ್ರಂ’ ಅಂತ ಇದೆ, ಕಣ್ಣು ಕೆಂಪಾದದ್ದು ಕೋಪದಿಂದ. ನೋಡು, ಒಂದು ಪ್ರತ್ಯಯ, ಒಂದು ವಿಶೇಷಣ, ಅಷ್ಟರಿಂದಲೇ ಇಡೀ ಮನುಷ್ಯ ಕಾಣುತ್ತಾನೆ. ನಿನ್ನ ಪ್ಯಾರಾದಲ್ಲಿ ಅಂಥ ಪದ ಎರಡಿವೆ: ‘ಸ್ವಲ್ಪ’ ಮತ್ತು ‘ಪುಟ್ಟ’. ಅವುಗಳ ಬಗ್ಗೆ ಬರೆ.

ಮೂರನೆಯದು ಮೊದಲ ಸಾಲು. ‘ಪಾಪಪ್ರಜ್ಞೆಯಿಂದ ತಪ್ಪಿಸಿಕೊಳ್ಳಲಾರರು’ ಇನ್ನೂ ಗಾದೆಯ ಪಕ್ಕದಲ್ಲೇ ಇದೆ. ಕೊನೆಯ ಸಾಲು ಮೊದಲ ಸಾಲನ್ನೇ ಮತ್ತೆ ಹೇಳುತ್ತಿದೆ, ಅದು ಬೇಡ. ಅಂದ ಹಾಗೆ, ರನ್ನನನ್ನು ಈ ಪ್ಯಾರಾಗೆ ತರಬೇಡ. ತೌಲನಿಕ ಪತ್ರಿಕೆ ಅಂತ ಆಸೆಯಾಗುತ್ತೆ, ಗೊತ್ತು. ಅವನಿಗೆ ಬೇರೆ ಪ್ಯಾರಾ ಕೊಡು.

ಜಗಳೂರಿನಿಂದ
ಸೋಮವಾರ, ರಾತ್ರಿ 8:45

ಒಂದು ವಿಷಯ ಬರೆಯಬಹುದಲ್ಲ. ಎಷ್ಟೇ ಗಟ್ಟಿ ಅಂದುಕೊಂಡರೂ ಅವಳು ಹೆಣ್ಣು, ಹೆಣ್ಣಿನ ಮನಸ್ಸು ಮೆತ್ತಗೆ. ಅದಕ್ಕೇ ಅವಳಿಗೆ ಹುಚ್ಚು ಹಿಡಿಯಿತು, ಅವನು ಕೊನೆಯ ತನಕ ಕತ್ತಿ ಹಿಡಿದು ನಿಂತ. ನಮ್ಮ ಗೈಡಿನಲ್ಲಿ ಹಾಗೇ ಇತ್ತು.

ರಂಗದ ಅಕ್ಕ
ಸೋಮವಾರ, ರಾತ್ರಿ 9:20

ಅಣ್ಣಾ, ಆ ಗೈಡನ್ನು ಪಕ್ಕಕ್ಕಿಡಿ. ಈ ಪಾತ್ರವನ್ನು ಮೈಮೇಲೆ ಹಾಕಿಕೊಂಡವಳಾಗಿ ಹೇಳುತ್ತೇನೆ.

ಕೊಲೆಯ ರಾತ್ರಿ ಹೆದರಿದ್ದು ಯಾರು? ಅವನು. ‘ಆಮೆನ್’ ಅನ್ನಲು ಗಂಟಲು ಕಟ್ಟಿತು. ‘ಮ್ಯಾಕ್‌ಬೆತ್ ನಿದ್ದೆಯನ್ನು ಕೊಂದ’ ಅಂತ ಕೂಗು ಕೇಳಿಸಿತು. ಕಠಾರಿ ವಾಪಸ್ ಇಡಲು ಕಾಲೇ ಬರಲಿಲ್ಲ. ಅವಳು ಹೋಗಿ ಇಟ್ಟು ಬಂದಳು. ಐದನೇ ಅಂಕಕ್ಕೆ ಬಂದರೆ ಅದಲುಬದಲಾಗಿದೆ. ಭಯದ ರುಚಿಯೇ ಮರೆತುಹೋಗಿದೆ ಅಂತ ಅವನು ಹೇಳುತ್ತಾನೆ. ಅವಳು ದೀಪ ಬಿಟ್ಟು ಇರಲಾರಳು. ಇದು ಹೆಣ್ಣಿನ ಮನಸ್ಸಿನ ಮಾತಲ್ಲ. ಅವನು ಹೆದರಿಕೆಯನ್ನು ಅವತ್ತೇ ಬಾಯಿಬಿಟ್ಟು ಹೇಳಿದ, ಆಮೇಲೆ ಕೊಲೆಯ ಮೇಲೆ ಕೊಲೆ ಮಾಡಿ ಮರಗಟ್ಟಿದ. ಅವಳು ಅವತ್ತು ನುಂಗಿಕೊಂಡಳು. ನುಂಗಿದ್ದು ಎಲ್ಲಿಗೆ ಹೋಗುತ್ತೆ? ಕೊಲೆಯ ರಾತ್ರಿಯೇ ಒಂದು ಬಿರುಕು ಕಾಣುತ್ತದೆ. ‘ಮಲಗಿದ್ದ ಅವನು ನನ್ನ ಅಪ್ಪನ ಹಾಗೆ ಕಾಣದಿದ್ದರೆ ನಾನೇ ಮುಗಿಸುತ್ತಿದ್ದೆ’ ಅನ್ನುತ್ತಾಳೆ. ತಾಲೀಮಿನಲ್ಲಿ ಆ ಸಾಲು ಹೇಳುವಾಗ ನನ್ನ ದನಿ ಪ್ರತಿ ಸಲ ಕೆಳಗೆ ಇಳಿಯುತ್ತಿತ್ತು, ಯಾರೂ ಹೇಳಿಕೊಟ್ಟಿರಲಿಲ್ಲ. ಐದನೇ ಅಂಕದಲ್ಲಿ ಅದೇ ಮುದುಕ ಮತ್ತೆ ಬರುತ್ತಾನೆ: ‘ಆ ಮುದುಕನ ಮೈಯಲ್ಲಿ ಅಷ್ಟೊಂದು ರಕ್ತ ಇದ್ದೀತು ಅಂತ ಯಾರಿಗೆ ಗೊತ್ತಿತ್ತು?’

ಕೋಟೆ ಬಾಗಿಲು
ಸೋಮವಾರ, ರಾತ್ರಿ 9:48

ಅಕ್ಕನ ಮಾತಿಗೆ ಇನ್ನೊಂದು ಸೇರಿಸುತ್ತೇನೆ. ನಾಟಕದ ಕೊನೆಯಲ್ಲಿ ಹೊಸ ರಾಜ ಮಾಲ್ಕಮ್ ಇಬ್ಬರನ್ನೂ ‘ಕಟುಕ’, ‘ರಾಕ್ಷಸಿಯಂಥ ರಾಣಿ’ ಅನ್ನುತ್ತಾನೆ. ದಾವಣಗೆರೆ ಕಂಪನಿ ನಾಟಕದ ಊರು, ಚಿಂದೋಡಿ ಲೀಲಾ ಅವರ ಊರು. ನಾನೂ ಅಲ್ಲಿ ಅಪ್ಪನ ಜೊತೆ ನಾಟಕ ನೋಡಿದ್ದೇನೆ. ಕೊನೆಗೆ ಒಬ್ಬರು ನಿಂತು ನೀತಿ ಹೇಳಿದರೆ ಅದೇ ತೀರ್ಪು ಅಂತ ನಮಗೆ ಅಭ್ಯಾಸ. ಇಲ್ಲಿ ಹಾಗೆ ತೆಗೆದುಕೊಳ್ಳಬೇಡಿ. ಮಾಲ್ಕಮ್ ಆ ಕೈ ತೊಳೆಯುವ ದೃಶ್ಯ ನೋಡಿಲ್ಲ. ನಾವು ನೋಡಿದ್ದೇವೆ.

ಹರಿಹರದ ಓದುಗ
ಸೋಮವಾರ, ರಾತ್ರಿ 10:05

ನಾನು ಇದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೇನೆ. ಒಂದು ಅನುಮಾನ. ಎಷ್ಟು ಸಾಲು ಉದ್ಧರಿಸಬಹುದು? ನಾನು ಆರೇಳು ಸಾಲು ಹಾಕಿಬಿಡುತ್ತೇನೆ.

ಹೊಳಲ್ಕೆರೆ ಮೇಷ್ಟ್ರು
ಸೋಮವಾರ, ರಾತ್ರಿ 10:20

150 ಪದದ ಪ್ಯಾರಾಗೆ ಮೂರು ನಾಲ್ಕು ಪದದ ತುಣುಕು ಎರಡು ಸಾಕು ತಮ್ಮಾ. ಉದ್ಧರಿಸಿದ ಪದಕ್ಕಿಂತ ಅದರ ಬಗ್ಗೆ ನೀನು ಬರೆದದ್ದು ಜಾಸ್ತಿ ಇರಬೇಕು. ಓದಿದ ಅನುವಾದದ ಪದವನ್ನೇ ಹಾಕು, ನೆನಪಿನಿಂದ ಹಾಕಬೇಡ. ಮ್ಯಾಕ್‌ಬೆತ್‌ಗೆ ಕನ್ನಡದಲ್ಲಿ ಡಿ.ವಿ.ಜಿ. ಅವರದ್ದಿದೆ, ರಾಮಚಂದ್ರ ದೇವ ಅವರದ್ದಿದೆ. ಒಬ್ಬರ ಪದ ಇನ್ನೊಬ್ಬರದ್ದಲ್ಲ. ನಾವಿಲ್ಲಿ ನಮ್ಮ ಮಾತಿನಲ್ಲಿ ಹೇಳುತ್ತಿದ್ದೇವೆ, ಇದನ್ನು ಎತ್ತಿ ಬರೆಯಬೇಡಿ.

ದಾವಣಗೆರೆ ಹುಡುಗಿ
ಮಂಗಳವಾರ, ರಾತ್ರಿ 11:15

ಇವತ್ತು ಒಂದು ಆಯಿತು, ಹೇಳಲೇಬೇಕು.

ಅಮ್ಮ ಸಂಜೆ ಮಿರ್ಚಿ ಮಂಡಕ್ಕಿ ಗಾಡಿ ಹಾಕುತ್ತಾರೆ. ಮೆಣಸಿನಕಾಯಿ ಸೀಳಿ, ಬೀಜ ತೆಗೆದು, ಓಮ ಉಪ್ಪು ತುಂಬುವುದು ದಿನಾ ನನ್ನ ಕೆಲಸ. ಇವತ್ತು ಕಾಯಿ ತುಂಬಾ ಖಾರ. ಮುಗಿಸಿ ಸೋಪು ಹಾಕಿ ತೊಳೆದೆ, ಮತ್ತೆ ತೊಳೆದೆ. ಕೈ ನೋಡಿದರೆ ಏನೂ ಇಲ್ಲ. ಬಣ್ಣವಿಲ್ಲ, ಬೀಜವಿಲ್ಲ. ಆದರೆ ಬೆರಳ ಸಂದು ಉರಿಯುತ್ತಲೇ ಇದೆ. ನೀರು ಬಿದ್ದರೆ ಇನ್ನೂ ಜಾಸ್ತಿ. ನಲ್ಲಿ ಮುಂದೆ ಹಾಗೇ ನಿಂತುಬಿಟ್ಟೆ. ಎರಡನೇ ಅಂಕದಲ್ಲಿ ಅವಳ ಕೈಯಲ್ಲಿ ರಕ್ತ ಇತ್ತು, ಉರಿ ಇರಲಿಲ್ಲ. ಐದನೇ ಅಂಕದಲ್ಲಿ ರಕ್ತ ಇಲ್ಲ, ಉರಿ ಇದೆ. ಇದೇ ಅಲ್ವಾ?

ಗಾಡಿ ಮುಗಿಸಿ ಬಂದು ಬರೆದೆ:

‘ಮ್ಯಾಕ್‌ಬೆತ್ ನಾಟಕದಲ್ಲಿ ಕೊಲೆಯ ಗುರುತು ನೀರಿಗೆ ಹೋಗುತ್ತದೆ, ಕೊಂದ ಅರಿವು ಹೋಗುವುದಿಲ್ಲ, ಅದನ್ನು ಅವತ್ತು ನುಂಗಿಕೊಂಡವಳಲ್ಲೇ ಅದು ಕೊನೆಗೆ ಹೊರಬರುತ್ತದೆ. ಎರಡನೇ ಅಂಕದಲ್ಲಿ ಒಬ್ಬನೇ ನಿಂತ ಮ್ಯಾಕ್‌ಬೆತ್, ಸಮುದ್ರವೂ ತನ್ನ ಕೈ ತೊಳೆಯಲಾರದು, ಕೈಯೇ ಸಮುದ್ರವನ್ನು ಕೆಂಪು ಮಾಡೀತು ಎನ್ನುತ್ತಾನೆ. ಅದನ್ನು ಕೇಳದ ಹೆಂಡತಿ ರಕ್ತದ ಕೈಯಲ್ಲಿ ಬಂದು ‘ಸ್ವಲ್ಪ ನೀರು’ ಸಾಕು ಎನ್ನುತ್ತಾಳೆ. ಆ ‘ಸ್ವಲ್ಪ’ದಲ್ಲಿ ಕೊಲೆ ಬರೀ ಚರ್ಮದ ಮೇಲಿನ ಕಲೆ. ಐದನೇ ಅಂಕದಲ್ಲಿ ಅವಳು ನಿದ್ದೆಯಲ್ಲಿ ಅದೇ ಕೈಯನ್ನು ತಿಕ್ಕುತ್ತಾಳೆ. ಅಲ್ಲಿ ನೀರೂ ಇಲ್ಲ, ರಕ್ತವೂ ಇಲ್ಲ. ಅರೇಬಿಯಾದ ಸುಗಂಧವೆಲ್ಲ ಸೇರಿದರೂ ‘ಈ ಪುಟ್ಟ ಕೈ’ ಘಮಘಮಿಸದು ಎಂದು ನಿಟ್ಟುಸಿರಿಡುತ್ತಾಳೆ. ಸಾಲದಾಗಿರುವುದು ಒಂದು ದೇಶದ ಸುಗಂಧ, ತೊಳೆಯಬೇಕಾದದ್ದು ಒಂದು ‘ಪುಟ್ಟ’ ಕೈ. ಗಂಡ ಅವತ್ತೇ ಕಂಡ ಅಳತೆ ಅವಳಿಗೆ ಈಗ ಕಂಡಿದೆ, ಅದೂ ಕಣ್ಣು ತೆರೆದೇ ನಿದ್ದೆ ಮಾಡುವಾಗ.’

ಪದ ಎಣಿಸಿದೆ, 150ರ ಒಳಗಿದೆ.

ರಂಗದ ಅಕ್ಕ
ಬುಧವಾರ, ಬೆಳಗ್ಗೆ 6:40

ಮೆಣಸಿನಕಾಯಿಯ ಮಾತು ಓದಿ ನನ್ನ ಅಂಗೈ ನೋಡಿಕೊಂಡೆ. ಆ ದೃಶ್ಯದಲ್ಲಿ ವೈದ್ಯನೂ ಅವಳು ಆಡಿದ್ದನ್ನೆಲ್ಲ ಬರೆದುಕೊಳ್ಳುತ್ತೇನೆ ಅನ್ನುತ್ತಾನೆ. ನೀನೂ ಅವನ ಹಾಗೆ ಕಿವಿಗೊಟ್ಟು ಬರೆದಿದ್ದೀಯ.

ಹೊಳಲ್ಕೆರೆ ಮೇಷ್ಟ್ರು
ಬುಧವಾರ, ಬೆಳಗ್ಗೆ 8:15

ಕೊಡು ತಂಗೀ, ಇದನ್ನೇ ಕೊಡು. ಒಂದೇ ತಿದ್ದುಪಡಿ. ‘ಬರೀ ಚರ್ಮದ ಮೇಲಿನ ಕಲೆ’ ಅನ್ನುವ ಕಡೆ ‘ಅವಳ ಪಾಲಿಗೆ’ ಅಂತ ಸೇರಿಸು. ಇಲ್ಲದಿದ್ದರೆ ನಿನ್ನ ಮಾತೋ ಅವಳ ಮಾತೋ ಗೊತ್ತಾಗುವುದಿಲ್ಲ. ಕೊನೆಯ ಸಾಲು ಮುಟ್ಟಬೇಡ.

ಜಗಳೂರಿನಿಂದ
ಬುಧವಾರ, ಬೆಳಗ್ಗೆ 9:00

ಚೆನ್ನಾಗಿದೆ ತಂಗೀ. ಗೈಡಿನ ಮಾತು ನಾನು ವಾಪಸ್ ತೆಗೆದುಕೊಂಡೆ. ನಾಟಕ ಮತ್ತೆ ಓದಲು ಕೂತಿದ್ದೇನೆ.

ದಾವಣಗೆರೆ ಹುಡುಗಿ
ಬುಧವಾರ, ರಾತ್ರಿ 9:30

‘ಅವಳ ಪಾಲಿಗೆ’ ಸೇರಿಸಿದೆ ಸರ್. ನೀಟಾಗಿ ಬರೆದಿಟ್ಟಿದ್ದೇನೆ. ಎಲ್ಲರಿಗೂ ಮನಸಾರೆ ಧನ್ಯವಾದ.

ಇನ್ನೊಂದು. ಅಮ್ಮನಿಗೆ ಕಥೆ ಹೇಳಿದೆ. ಅಮ್ಮ ಓದಿದ್ದು ನಾಲ್ಕನೇ ಕ್ಲಾಸ್. ಹಿಟ್ಟು ಕಲೆಸುತ್ತಾ ಪೂರ್ತಿ ಕೇಳಿ, ಕೈ ತೊಳೆಯುವುದರ ಬಗ್ಗೆ ಏನೂ ಹೇಳಲಿಲ್ಲ. ‘ಆ ಮುದುಕ ರಾಜ ಅವರ ಮನೆಯಲ್ಲಿ ಊಟ ಮಾಡಿದ್ನಾ?’ ಅಂತ ಕೇಳಿದರು. ಹೌದಮ್ಮ, ಅವತ್ತು ರಾತ್ರಿ ಅವರ ಮನೆಯಲ್ಲೇ ಉಂಡು ಮಲಗಿದ್ದ ಅಂದೆ. ಅಮ್ಮ ಹಿಟ್ಟಿನಿಂದ ಕೈ ತೆಗೆದು ನನ್ನನ್ನೇ ನೋಡಿದರು. ‘ಉಂಡವನನ್ನಾ?’ ಅಂದರು.

ಹೊಳಲ್ಕೆರೆ ಮೇಷ್ಟ್ರು
ಬುಧವಾರ, ರಾತ್ರಿ 9:52

ಮೊದಲ ಅಂಕ, ಏಳನೇ ದೃಶ್ಯ ತೆಗೆ. ಒಳಗೆ ರಾಜ ಊಟ ಮಾಡುತ್ತಿದ್ದಾನೆ, ಮ್ಯಾಕ್‌ಬೆತ್ ಎದ್ದು ಹೊರಗೆ ಬಂದಿದ್ದಾನೆ. ‘ನಾನು ಅವನ ನೆಂಟ, ಅವನ ಪ್ರಜೆ, ಅವನಿಗೆ ಊಟ ಹಾಕಿದವನು. ಕೊಲ್ಲಲು ಬಂದವನಿಗೆ ಬಾಗಿಲು ಹಾಕಬೇಕಾದವನು ನಾನು, ನಾನೇ ಕಠಾರಿ ಹಿಡಿಯುವುದಾ’ ಅಂತ ತನಗೆ ತಾನೇ ಕೇಳಿಕೊಳ್ಳುತ್ತಾನೆ. ನಿನ್ನ ಅಮ್ಮ ಕೇಳಿದ್ದು ಅದನ್ನೇ. ಮುಂದಿನ ಪ್ಯಾರಾ ಬಾಗಿಲಿನ ಮೇಲೆ ಬರೆ.